ಅದ ಇಲ್ಲ ಅಂದರೆ ಯಾವುದು ಇಲ್ಲ?

ನಮ್ಮ ಅಡುಗೆಮನೆಯ ಗೂಡಿನಲ್ಲಿ ಬಂಗಾರದ ಬಣ್ಣದ ಒಂದು ಕಪ್ ಇದೆ. ಅವ್ವ ಅದರೊಳಗೆ ಬೆಳ್ಳುಳ್ಳಿ ತುಂಬಿಟ್ಟಿದ್ದಾಳೆ. ಕಾಲೇಜಿನ ಕೊನೆಯ ವರ್ಷ ಚರ್ಚಾಸ್ಪರ್ಧೆಯಲ್ಲಿ ನಾನು ಗೆದ್ದ ಕಪ್ ಅದು. ತಮಿಳಿನಲ್ಲಿ ನಡೆದ ಚರ್ಚೆ. ಗೆದ್ದವಳು ತಮಿಳುನಾಡಿಗೆ ಸೇರಿದ ತಾಳವಾಡಿ ಬೆಟ್ಟದ ಕನ್ನಡದ ಹುಡುಗಿ. ಉನ್ನತ ಮಟ್ಟದ ಕ್ರೀಡಾಪಟುವಿಗೆ ಸ್ವಂತ ಬದುಕು ಅಂತ ಒಂದು ಇರಬಾರದು ಎನ್ನುವುದು ವಿಷಯ. ಚೀಟಿ ಎತ್ತಿದಾಗ ನನಗೆ ಬಂದದ್ದು ಪರ. ವಿರೋಧ ಬಂದಿದ್ದರೆ ಸೋಲುತ್ತಿದ್ದೆ, ಏಕೆಂದರೆ ಆ ಮಾತನ್ನು ನಾನು ಮನಸಾರೆ ನಂಬಿದ್ದೆ. "ಸಮತೋಲನ ಎನ್ನುವುದು ಎರಡನೇ ಸ್ಥಾನ ಬಂದವರು ಕಂಡುಹಿಡಿದ ಪದ" ಎಂದೆ. ಸಭೆ ಚಪ್ಪಾಳೆ ತಟ್ಟಿತು. ಎದುರು ಪಕ್ಷದ ಹುಡುಗಿ ಎದ್ದು, "ನೀವು ಕೊನೆಯ ಸಲ ಮನೆಯಲ್ಲಿ ಹಬ್ಬದೂಟ ಮಾಡಿದ್ದು ಯಾವಾಗ?" ಎಂದು ಕೇಳಿದಳು. "ವೈಯಕ್ತಿಕ ಪ್ರಶ್ನೆ ವಾದವಾಗುವುದಿಲ್ಲ" ಎಂದು ಹೇಳಿ ಅವಳನ್ನು ಕೂರಿಸಿದೆ. ತೀರ್ಪುಗಾರರು ಅದಕ್ಕೂ ಅಂಕ ಕೊಟ್ಟರು. ಅವಳ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ ಎಂಬುದನ್ನು ಯಾರೂ ಗಮನಿಸಲಿಲ್ಲ. ನಾನೂ ಗಮನಿಸಲಿಲ್ಲ.

ನನ್ನ ಆಟ ವೇಗದ ನಡಿಗೆ. ಇಪ್ಪತ್ತು ಕಿಲೋಮೀಟರ್. ನೋಡದವರಿಗೆ ಎರಡು ಮಾತಿನಲ್ಲಿ ಹೇಳಬಹುದು: ಯಾವಾಗಲೂ ಒಂದು ಪಾದ ನೆಲಕ್ಕೆ ತಾಗಿರಬೇಕು, ಮುಂದಿಟ್ಟ ಕಾಲಿನ ಮೊಣಕಾಲು ಬಾಗಬಾರದು. ತಪ್ಪುವ ಸೂಚನೆ ಕಂಡರೆ ತೀರ್ಪುಗಾರರು ಹಳದಿ ಹಲಗೆ ತೋರಿಸಿ ಎಚ್ಚರಿಸುತ್ತಾರೆ. ನಿಜವಾಗಿ ತಪ್ಪಿದರೆ ಕೆಂಪು ಚೀಟಿ ಬರೆಯುತ್ತಾರೆ. ಮೂವರಿಂದ ಮೂರು ಚೀಟಿ ಬಿದ್ದರೆ ಕಥೆ ಮುಗಿಯಿತು. ಹೀಗೆ ನಡೆಯುವಾಗ ಸೊಂಟ ಅತ್ತಿತ್ತ ತಿರುಗುತ್ತದೆ, ಅದು ತಪ್ಪಿಸಲಾಗದ ಸಂಗತಿ. ನಮ್ಮೂರು ತಿಗನಾರೆಯ ರಸ್ತೆಯಲ್ಲಿ ಒಬ್ಬ ಹುಡುಗಿ ಆ ರೀತಿ ನಡೆದುಕೊಂಡು ಹೋದರೆ ಏನಾಗುತ್ತದೆ ಎಂಬುದನ್ನು ನೀವೇ ಊಹಿಸಿ.

ಅಪ್ಪನ ಅಣ್ಣ, ಅಂದರೆ ನಮ್ಮ ದೊಡ್ಡಪ್ಪ, ಟೀ ಅಂಗಡಿಯ ಬೆಂಚಿನ ಮೇಲೆ ಕೂತು ದಿನಾ ಕಾಯುತ್ತಿದ್ದ.

"ಅಲ್ಲ ಕಣಮ್ಮಿ, ಅವ್ಸರ ಇದ್ರೆ ಓಡು. ಇಲ್ದಿದ್ರೆ ನೆಟ್ಗೆ ನಡಿ. ಇದೇನು ಎರಡ್ರ ಮದ್ಯ ಸಿಕ್ಕಾಕೊಂಡು ಒದ್ದಾಡ್ತಿದ್ದೀಯೆ?"

"ಅದೇ ಆಟ ದೊಡ್ಡಪ್ಪ."

"ಆನೆ ಅಟ್ಟುಸ್ಕೊಂಡ್ ಬಂದ್ರೂ ಇಂಗೇ ನಡ್ದಿಯಾ?"

"ಆನೆ ಕೆಂಪ್ ಚೀಟಿ ಕೊಡಲ್ಲ. ಅವಾಗ ಓಡ್ತೀನಿ."

ಬೆಂಚಿನವರೆಲ್ಲ ನಕ್ಕರು. ಮಾತಿನಲ್ಲಿ ನಾನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಆಮೇಲೆ ಬೆಟ್ಟದ ಕೆಳಗಿನ ಊರಿನ ಕ್ರೀಡಾ ಹಾಸ್ಟೆಲ್‌ನಲ್ಲಿ ಜಾಗ ಸಿಕ್ಕಿತು. ದಿಂಬಂ ಘಾಟಿಯ ತಿರುವುಗಳನ್ನು ಇಳಿದು ಹೋದವಳು ಮೂರು ವರ್ಷ ಮನೆಯ ಕಡೆ ಸರಿಯಾಗಿ ತಿರುಗಿ ನೋಡಲಿಲ್ಲ.

ಸರಿಯಾಗಿ ಅಂದೆ, ಏಕೆಂದರೆ ಬಂದೇ ಇಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಅಕ್ಕನ ಮದುವೆಗೆ ಬಂದಿದ್ದೆ. ಧಾರೆಯ ಹೊತ್ತಿಗೆ ಬಂದು, ಅಕ್ಷತೆ ಹಾಕಿ, ಊಟವನ್ನು ಎಲೆಯಲ್ಲಿ ಕಟ್ಟಿಸಿಕೊಂಡು, ಮಧ್ಯಾಹ್ನದ ಬಸ್ಸಿಗೆ ಹೊರಟಿದ್ದೆ. ಸಂಜೆ ಅಭ್ಯಾಸ ತಪ್ಪಬಾರದಲ್ಲ. ಬಸ್ಸು ಹಿಡಿಯಲು ಅನುಕೂಲವಾಗಲಿ ಎಂದು ಸೀರೆಯ ಕೆಳಗೆ ಓಡುವ ಬೂಟು ಹಾಕಿಕೊಂಡಿದ್ದೆ. ದೊಡ್ಡಗಾಜನೂರಿನ ಗಂಡನ ಮನೆಯಿಂದ ಅಕ್ಕ ಆಲ್ಬಮ್ ನೋಡಿ ಫೋನ್ ಮಾಡಿದಳು.

"ನಿನ್ ಫೋಟೋ ಒಂದೂ ಇಲ್ಲ ಕಣೆ. ಒಂದ್ರಲ್ಲಿ ಬೂಟ್ ಮಾತ್ರ ಬಂದವೆ. ಯಾರ್ದು ಅಂತ ನಮ್ಮತ್ತೆ ಕೇಳುದ್ರು. ನಮ್ ತಂಗೀದು, ಅವ್ಳು ಬೂಟ್ ಕಳ್ಸಿದ್ಲು ಅಂದೆ."

ನಾನೂ ನಕ್ಕೆ. ಆಮೇಲೆ ನೋಟ್‌ಬುಕ್ ಬರೆಯಲು ಕೂತೆ.

ಆ ನೋಟ್‌ಬುಕ್ಕಿನ ವಿಷಯ ಹೇಳಬೇಕು. ನಮ್ಮ ತರಬೇತುದಾರ್ತಿ ಮೇಡಂ ತಮಿಳಿನವರು, ತಮ್ಮ ಕಾಲದಲ್ಲಿ ಅವರೂ ನಡಿಗೆಯವರೇ. ಪ್ರತಿ ಹುಡುಗಿಗೂ ಒಂದು ನೋಟ್‌ಬುಕ್ ಕೊಟ್ಟಿದ್ದರು. ಎಷ್ಟು ದೂರ, ಎಷ್ಟು ಹೊತ್ತು, ಎಷ್ಟು ನಿದ್ದೆ. ಕೊನೆಯ ಸಾಲಿನಲ್ಲಿ ಅವರದೇ ಕೈಬರಹದಲ್ಲಿ ಒಂದು ಪ್ರಶ್ನೆ: 'ಉಡಂಬು ಎಪ್ಪಡಿ?' ಮೈ ಹೇಗಿದೆ ಎಂದು. ನಾನು ಪ್ರತಿದಿನ ಬರೆಯುತ್ತಿದ್ದ ಉತ್ತರ ಒಂದೇ. 'ನಲ್ಲಾ ಇರುಕ್ಕು.' ಚೆನ್ನಾಗಿದೆ. ಬೆಳಿಗ್ಗೆ ಏಳುವ ಮೊದಲೇ, ಹಿಂದಿನ ದಿನವೇ, ಮುಂದಿನ ವಾರಕ್ಕೂ ಸೇರಿಸಿ ಬರೆದಿಟ್ಟದ್ದೂ ಉಂಟು.

ಕಳೆದ ರಾಜ್ಯ ಚಾಂಪಿಯನ್‌ಶಿಪ್‌ನಲ್ಲಿ ಹದಿನೇಳನೇ ಕಿಲೋಮೀಟರಿನವರೆಗೆ ನಾನೇ ಮುಂದೆ ಇದ್ದೆ. ಎಡಗಾಲಿನ ಮೊಣಕಾಲ ಕೆಳಗೆ, ಮುಂದುಗಡೆಯ ಎಲುಬಿನಲ್ಲಿ ಆಗಲೇ ಎರಡು ತಿಂಗಳ ನೋವು. ನೋವಿದ್ದ ಕಾಲು ಬೇಗ ನೆಲ ಬಿಡುತ್ತದೆ. ಅದು ಮೈಯ ಬುದ್ಧಿ, ನನ್ನದಲ್ಲ. ಮೊದಲ ಚೀಟಿ, ಎರಡನೆಯ ಚೀಟಿ. ಇನ್ನಷ್ಟು ಬಿರುಸಾಗಿ ಹೋದೆ. ಮೂರನೆಯ ಚೀಟಿ. ಎಷ್ಟು ಹೆಚ್ಚು ನೂಕಿದೆನೋ ಅಷ್ಟು ಬೇಗ ಹೊರಗೆ ಬಿದ್ದೆ. ಇದರಲ್ಲಿ ಒಂದು ಪಾಠವಿತ್ತು ಅಂತ ಈಗ ಹೇಳುವುದು ಸುಲಭ. ಅಂದು ನಾನು ಕಲಿತದ್ದು ಬೇರೆ: ಸಾಲದು, ಇನ್ನೂ ಹೆಚ್ಚು ಅಭ್ಯಾಸ ಬೇಕು. ಮೇಡಂ ಕೇಳಿದರು, "ಕಾಲು ನೋವಿದೆಯಾ?" "ಇಲ್ಲ ಮೇಡಂ" ಎಂದೆ. ಅವರು ನೋಟ್‌ಬುಕ್ ತಿರುವಿ ನೋಡಿದರು. ಎಲ್ಲ ಪುಟದಲ್ಲೂ ನಲ್ಲಾ ಇರುಕ್ಕು.

ಯಾರಿಗೂ ಹೇಳದೆ ಪೇಟೆಯ ಒಬ್ಬ ಲೇಡಿ ಡಾಕ್ಟರ್ ಹತ್ತಿರ ಹೋದೆ. ಎಲುಬು ಬಾತಿದೆ, ಹೀಗೇ ಮುಂದುವರಿದರೆ ಬಿರುಕು ಬಿಡುತ್ತದೆ ಎಂದರು. ಆಮೇಲೆ, "ಮುಟ್ಟು ಸರಿಯಾಗಿ ಆಗುತ್ತಿದೆಯಾ?" ಎಂದು ಕೇಳಿದರು. ನಾಲ್ಕು ತಿಂಗಳಿಂದ ಆಗಿರಲಿಲ್ಲ. ಅದನ್ನು ನಾನು ಅನುಕೂಲ ಎಂದುಕೊಂಡಿದ್ದೆ, ಅವರ ಮುಂದೆ ಹಾಗೇ ವಾದಿಸಿದೆ ಕೂಡ. ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಮೂರು ವಾರ ನಡಿಗೆ ಪೂರ್ತಿ ಬಿಡು, ಹೊಟ್ಟೆ ತುಂಬ ತಿನ್ನು, ನಿದ್ದೆ ಮಾಡು. ಆಮೇಲೆ ಎಡಗಾಲಲ್ಲಿ ಹತ್ತು ಸಲ ಕುಪ್ಪಳಿಸಿ ನೋವಿಲ್ಲದಿದ್ದರೆ ಮೆಲ್ಲಗೆ ಶುರು ಮಾಡು ಎಂದು ಬರೆದುಕೊಟ್ಟರು. ಆ ಚೀಟಿಯನ್ನು ಬೂಟಿನ ಡಬ್ಬಿಯ ಅಡಿಯಲ್ಲಿಟ್ಟೆ.

ರಾಷ್ಟ್ರೀಯ ಪಂದ್ಯಕ್ಕೆ ರಾಜ್ಯದ ತಂಡ ಆರಿಸುವ ನಡಿಗೆಗೆ ಆಗ ಎರಡು ತಿಂಗಳು ಬಾಕಿ. ತಂಡದಲ್ಲಿ ಜಾಗ ಸಿಗದಿದ್ದರೆ ಹಾಸ್ಟೆಲ್ಲಿನ ಮಂಚವೂ ಹೋಗುತ್ತದೆ, ಅದು ಪಟ್ಟಿಯಲ್ಲಿ ಮುಂದಿರುವ ಹುಡುಗಿಗೆ. ಅಂಥ ಹೊತ್ತಿನಲ್ಲಿ ಮೂರು ವಾರ ಮಲಗಿರಲು ನನಗೇನು ಹುಚ್ಚೇ? ಅಕ್ಕನ ಸೀಮಂತ ಬಂದಿತ್ತು. ನಾಲ್ಕು ದಿನ ರಜೆ ಕೇಳಿ, ಬೂಟು ಚೀಲಕ್ಕೆ ಹಾಕಿಕೊಂಡು, ಹಾಸನೂರಿನ ಮೇಲೆ ಊರಿಗೆ ಬಂದೆ. ಮೇಡಂ ಕಣ್ಣು ತಪ್ಪಿಸಿ ಊರಿನ ರಸ್ತೆಯಲ್ಲೇ ಅಭ್ಯಾಸ ಮಾಡುವುದು ನನ್ನ ಯೋಜನೆ.

ನಾನು ಬರುವ ಹಿಂದಿನ ದಿನ ಒಳ್ಳೆಯ ಮಳೆ ಬಿದ್ದಿತ್ತು. ದೊಡ್ಡಪ್ಪ ಮಾರನೇ ದಿನವೇ ಟ್ರ್ಯಾಕ್ಟರ್ ಕರೆಸಿ ತನ್ನ ಹೊಲ ಉಳುಮೆ ಮಾಡಿಸಿಬಿಟ್ಟ. ಪಕ್ಕದಲ್ಲೇ ಇರುವ ನಮ್ಮ ಹೊಲ ಹಾಗೇ ಬಿದ್ದಿತ್ತು. ಅಪ್ಪ ಬೆಳಿಗ್ಗೆ ಹೋಗಿ, ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು, ವಾಪಸ್ ಬರುತ್ತಿದ್ದ. ನನಗೆ ತಡೆಯಲಾಗಲಿಲ್ಲ.

"ಎಲ್ರೂ ಉತ್ತು ಮುಗುಸ್ಬುಟ್ರು ಕಣಪ್ಪ. ನೀನ್ ಯಾಕ್ ಸುಮ್ಗೆ ಕುಂತಿದ್ದೀ?"

"ಸುಮ್ಗೆ ಕುಂತಿಲ್ಲ. ಕಾಯ್ತಾವ್ನಿ. ಇನ್ನೂ ಅದ ಬಂದಿಲ್ಲ."

ನಮ್ಮ ಕಡೆ ಹೊಲ ಒಲ ಆಗುತ್ತದೆ, ಹಳ್ಳಿ ಅಳ್ಳಿ ಆಗುತ್ತದೆ. ಹಾಗೆಯೇ ಹದ ಅದ ಆಗುತ್ತದೆ.

"ಕಾಯೋದ್ಕೂ ಸುಮ್ಗೆ ಕುಂತ್ಕೊಳೋದ್ಕೂ ಏನಪ್ಪ ವ್ಯತ್ಯಾಸ?"

"ಕಾಯೋನು ದಿನಾ ಓಗಿ ನೋಡ್ತಾನೆ. ಸುಮ್ಗೆ ಕುಂತೋನು ನೋಡಲ್ಲ."

ಇದನ್ನು ವ್ಯಾಖ್ಯೆಯಾಗಿ ಒಪ್ಪಬಹುದು ಎಂದುಕೊಂಡೆ, ಸಮರ್ಥನೆಯಾಗಿ ಅಲ್ಲ. ಅವನ ಹಿಂದೆಯೇ ಹೋದೆ. ಅಪ್ಪ ಒಂದು ಹಿಡಿ ಮಣ್ಣು ತೆಗೆದು ಅಂಗೈಯಲ್ಲಿ ಅದುಮಿ ಉಂಡೆ ಮಾಡಿದ. ಸೊಂಟದೆತ್ತರದಿಂದ ಬಿಟ್ಟ. ಉಂಡೆ ನೆಲಕ್ಕೆ ಬಿದ್ದು ಹಾಗೇ ಚಪ್ಪಟೆಯಾಗಿ ಕೂತಿತು. "ನೋಡ್ದಾ? ಒಡೀಲಿಲ್ಲ. ಬಿದ್ದೇಟ್ಗೆ ಪುಡಿಯಾಗ್ಬೇಕು, ಅವಾಗ ಅದ. ಈಗ ನೇಗ್ಲು ಇಕ್ಕುದ್ರೆ ಎಂಟೆ ಏಳ್ತವೆ, ಬಿಸ್ಲಿಗೆ ಕಲ್ಲಾಯ್ತವೆ. ಅತ್ಲಾಗ್ ನೋಡು." ದೊಡ್ಡಪ್ಪನ ಹೊಲದಲ್ಲಿ ಮಣ್ಣಿನ ಹೆಂಟೆಗಳು ತಲೆಗಾತ್ರ ಎದ್ದು ಮಿರಮಿರ ಹೊಳೆಯುತ್ತಿದ್ದವು.

ಮಾರನೇ ದಿನ ಬೆಳಕು ಹರಿಯುವಾಗ ಬೂಟು ಕಟ್ಟಿ ತಾಳವಾಡಿ ಕಡೆಯ ರಸ್ತೆ ಹಿಡಿದೆ. ಹೋಗುವಾಗ ಸರಿಯಿತ್ತು. ಬರುವಾಗ ಎಲುಬಿನೊಳಗೆ ಯಾರೋ ಕೆಂಡ ಇಟ್ಟ ಹಾಗಾಯಿತು. ಹೊಲದ ಹತ್ತಿರ ಬಂದಾಗ ಅಪ್ಪ ಬದುವಿನ ಮೇಲೆ ಕೂತಿದ್ದ.

"ಯಾಕ್ ಎಡಗಾಲ್ ಎಳೀತಿದ್ದೀ?"

"ಎಳೀತಿಲ್ಲ. ನಮ್ ನಡ್ಗೆನೇ ಅಂಗೆ."

"ಎತ್ತು ಕಟ್ಟೋನ್ಗೆ ನಡ್ಗೆ ಯಾವ್ದು, ಕುಂಟು ಯಾವ್ದು ಅಂತ ಗೊತ್ತಾಗಲ್ವಾ?"

"ನಾನೇನ್ ಎತ್ತಾ?"

"ಎತ್ತಾಗಿದ್ರೆ ವಾಸಿಯಿತ್ತು. ಕುಂಟೋ ಎತ್ನ ಯಾರೂ ನೊಗಕ್ಕೆ ಕಟ್ಟಲ್ಲ." ಆಮೇಲೆ, "ಮೈಗ್ ಅದ ಅದಾ?" ಎಂದ.

ನನಗೆ ಸಿಟ್ಟು ಬಂತು. ಹೋಲಿಕೆಗಳನ್ನು ಒಡೆಯುವುದು ನನಗೆ ಕಲಿಸಿಕೊಟ್ಟ ವಿದ್ಯೆ. "ಮೈ ಒಲ ಅಲ್ಲ ಕಣಪ್ಪ. ಒಲಕ್ಕೆ ಗುರಿ ಇಲ್ಲ, ಆಸೆ ಇಲ್ಲ. ಇನ್ನೊಂದ್ ಒಲದ ಜೊತೆ ಪಂದ್ಯ ಇಲ್ಲ. ಮಣ್ಗೆ ಒಂದ್ ವಾರ ತಡ ಆದ್ರೆ ಏನೂ ಆಗಲ್ಲ. ನಂಗ್ ತಡ ಆದ್ರೆ ಜಾಗ ಓಯ್ತದೆ. ಎರಡುನ್ನೂ ಒಂದೇ ತಕ್ಡೀಲಿ ಇಟ್ರೆ ಅದು ವಾದ ಅಲ್ಲ."

ಅಪ್ಪ ತಲೆಯಾಡಿಸಿದ. "ಸರಿಯಾಗ್ ಏಳ್ದೆ. ಮೈ ಒಲ ಅಲ್ಲ. ಒಲಕ್ಕೆ ಸುಳ್ ಏಳಕ್ ಬರಲ್ಲ."

ಎಷ್ಟೋ ವೇದಿಕೆಗಳಲ್ಲಿ ಎಷ್ಟೋ ಜನರಿಗೆ ಉತ್ತರ ಕೊಟ್ಟಿದ್ದೇನೆ. ಅಂದು ಆ ಬದುವಿನ ಮೇಲೆ ಕೂತು ಬೂಟಿನ ದಾರ ಬಿಚ್ಚಿದೆ. ಆದರೂ ಒಳಗೊಳಗೇ ಇನ್ನೂ ಒಪ್ಪಿರಲಿಲ್ಲ. ನಾಳೆ ಬೇರೆ ರಸ್ತೆಯಲ್ಲಿ ಹೋದರಾಯಿತು ಎಂದುಕೊಂಡೆ.

ಅಷ್ಟಕ್ಕೇ ಮುಗಿಯಲಿಲ್ಲ, ಅದೇ ಮಧ್ಯಾಹ್ನ ಮೇಡಂ ಫೋನ್ ಬಂತು. ನಾನು ಹಿತ್ತಲಲ್ಲಿ ಕಾಲಿಗೆ ನೀರು ಹುಯ್ದುಕೊಳ್ಳುತ್ತಿದ್ದೆ. ಫೋನು ಜಗಲಿಯಲ್ಲಿತ್ತು. ಅಪ್ಪನಿಗೆ ಮಂಡಿಯ ತಮಿಳು ಬರುತ್ತದೆ; ತೂಕ, ಬೆಲೆ, ಲಾರಿ ಬಾಡಿಗೆ, ಅಷ್ಟು. ಆ ತಮಿಳಿನಲ್ಲೇ ಫೋನ್ ಎತ್ತಿದ. ಮಗಳು ಹೇಗಿದ್ದಾಳೆ, ನಾಡಿದ್ದು ಬರುತ್ತಾಳಲ್ಲ ಎಂದು ಮೇಡಂ ಕೇಳಿರಬೇಕು. ಅಪ್ಪನ ದನಿ ಹಿತ್ತಲಿಗೆ ಕೇಳಿಸಿತು.

"ಉಡಂಬುಲೆ ಅದ ಇಲ್ಲೆ ಮೇಡಂ."

ಅವರು ಏನೋ ಅಂದರು.

"ಅದ ಮೇಡಂ. ಅದ ಇಲ್ಲೆ."

ಮತ್ತೇನೋ ಅಂದರು.

"ಅದದಾನ್ ಮೇಡಂ. ಅದ."

ನಾನು ಒದ್ದೆ ಕಾಲಲ್ಲೇ ಓಡಿ ಬಂದೆ. ತಮಿಳಿನಲ್ಲಿ ಅದು ಅಂದರೂ ಅದೇ, ಕನ್ನಡದಲ್ಲಿ ಅದು ಅಂದರೂ ಅದೇ. ಮೇಡಂಗೆ ಕೇಳಿಸುತ್ತಿದ್ದದ್ದು ಇಷ್ಟು: ನಿಮ್ಮ ಹುಡುಗಿಯ ಮೈಯಲ್ಲಿ ಅದು ಇಲ್ಲ. ಅವರು ಗಾಬರಿಯಿಂದ, ಯಾವುದು ಇಲ್ಲ, ಯಾವುದು ಇಲ್ಲ ಎಂದು ಕೇಳುತ್ತಿದ್ದಾರೆ. ಅಪ್ಪ ಸಹನೆಯಿಂದ, ಅದ ಇಲ್ಲ, ಅದ ಇಲ್ಲ ಎಂದು ತಿಳಿಸುತ್ತಿದ್ದಾನೆ. ಬಾಗಿಲಲ್ಲಿ ನಿಂತಿದ್ದ ಅವ್ವ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು.

ಫೋನ್ ಕಿತ್ತುಕೊಂಡೆ. "ಏನದು?" ಎಂದರು ಮೇಡಂ. "ನಿಮ್ಮಪ್ಪ ಯಾವುದು ಇಲ್ಲ ಅನ್ನುತ್ತಿದ್ದಾರೆ? ರಕ್ತವಾ? ಬಲವಾ?"

ಆ ಕ್ಷಣದಲ್ಲಿ ನನಗೆ ದಾರಿ ತೆರೆದೇ ಇತ್ತು. ಏನೂ ಇಲ್ಲ ಮೇಡಂ, ಹೊಲದ ವಿಷಯ ಹೇಳುತ್ತಿದ್ದಾರೆ ಎಂದರೆ ಮುಗಿಯುತ್ತಿತ್ತು. ಅದು ಪೂರ್ತಿ ಸುಳ್ಳೂ ಆಗುತ್ತಿರಲಿಲ್ಲ. ಅಪ್ಪ ನನ್ನ ಮುಖವನ್ನೇ ನೋಡುತ್ತ ನಿಂತಿದ್ದ. ನಾನು ಅದನ್ನು ಹೇಳಲಿಲ್ಲ. ಧೈರ್ಯದಿಂದ ಅಂದುಕೊಳ್ಳಬೇಡಿ, ಬೆಳಿಗ್ಗೆ ಕೇಳಿದ ಮಾತಿನ ಉರಿ ಇನ್ನೂ ಆರಿರಲಿಲ್ಲ.

"ಹದ ಮೇಡಂ" ಎಂದೆ. ಅವರಿಗೆ ತಿಳಿಯಲಿಲ್ಲ. ತಮಿಳಿನಲ್ಲಿ ಇದಕ್ಕೆ ಏನನ್ನುತ್ತಾರೆ? ತಮಿಳಿನಲ್ಲಿ ಕಪ್ ಗೆದ್ದವಳು ಒಂದು ಮಣ್ಣಿನ ಪದಕ್ಕೆ ತಡಕಾಡುತ್ತ ನಿಂತೆ. ಹಾಸ್ಟೆಲ್ಲಿನ ಅಡುಗೆಯಕ್ಕ ದೋಸೆ ಹಿಟ್ಟನ್ನು ಬೆರಳಿಂದ ಎತ್ತಿ ನೋಡಿ ಹೇಳುವ ಮಾತು ಆಗ ನೆನಪಿಗೆ ಬಂತು. ಬೆಲ್ಲದ ಪಾಕಕ್ಕೂ ಅದೇ ಮಾತು ಹೇಳುತ್ತಾರೆ. ಅವರ ಪದಂ, ಪುಸ್ತಕದ ಹದ, ನಮ್ಮೂರಿನ ಅದ. ಒಂದೇ ಮಾತು ದಿಂಬಂ ಹತ್ತಿ ಬರುವಷ್ಟರಲ್ಲಿ ತಲೆಯ ಅಕ್ಷರ ಬದಲಾಯಿಸಿಕೊಂಡು, ತಾಳವಾಡಿ ಸೇರುವಷ್ಟರಲ್ಲಿ ಅದನ್ನೂ ಬಿಸಾಕಿತ್ತು.

"ಪದಂ" ಎಂದೆ. "ಉಡಂಬುಲೆ ಪದಂ ಇಲ್ಲೆ ಮೇಡಂ."

ಆ ಮಾತು ಅವರಿಗೆ ತಿಳಿಯಿತು.

"ಎಷ್ಟು ದಿನದಿಂದ?"

"ನಾಲ್ಕು ತಿಂಗಳಿಂದ."

"ನೋಟ್‌ಬುಕ್ಕಿನಲ್ಲಿ?"

"ಅದು ಸುಳ್ಳು ಮೇಡಂ."

ಎಲ್ಲ ಹೇಳಿದೆ. ಎಲುಬು, ಡಾಕ್ಟರ್ ಚೀಟಿ, ಮುಟ್ಟು, ಬೆಳಗಿನ ಕಳ್ಳ ನಡಿಗೆ. ಅವರು ಬೈಯುತ್ತಾರೆ ಎಂದು ಕಾದೆ. ಅವರು ಹೇಳಿದ್ದು ಇಷ್ಟೇ: "ನಾನು ದಿನಾ ಕೇಳುತ್ತಿದ್ದದ್ದು ಅದೊಂದನ್ನೇ. ಉಳಿದದ್ದೆಲ್ಲ ಗಡಿಯಾರ ಹೇಳುತ್ತದೆ, ಇದನ್ನು ನೀನೇ ಹೇಳಬೇಕು." ಆಮೇಲೆ ಲೆಕ್ಕ ಬಿಡಿಸಿ ಹೇಳಿದರು. ಮೂರು ವಾರ ಮನೆಯಲ್ಲಿರು. ಪದಂ ಬಂದ ಮೇಲೆ ಬಾ. ಮಂಚ ಅಷ್ಟು ದಿನ ನಾನು ಕಾಯುತ್ತೇನೆ. ಆದರೆ ಆಯ್ಕೆಯ ದಿನ ಮುಂದೆ ಹೋಗುವುದಿಲ್ಲ. ಉಳಿಯುವುದು ಐದೇ ವಾರ. ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ನಾನೇನೂ ಮಾತು ಕೊಡುವುದಿಲ್ಲ.

ಆ ಮೂರು ವಾರದಲ್ಲಿ ನಾನು ಸಂತಳಾದೆ ಎಂದು ತಿಳಿಯಬೇಡಿ. ಮೊದಲ ವಾರ ಎಲ್ಲರ ಮೇಲೂ ರೇಗಿದೆ. ಪಟ್ಟಿಯಲ್ಲಿ ನನ್ನ ಹಿಂದಿದ್ದ ಹುಡುಗಿಯರು ಈಗ ಎಷ್ಟನೇ ಸುತ್ತಿನಲ್ಲಿರಬಹುದು ಎಂದು ಗಡಿಯಾರ ನೋಡಿದೆ. ಸೀಮಂತದ ದಿನ ಅಕ್ಕ ನನ್ನ ಕಾಲಿನ ಕಡೆ ಬಗ್ಗಿ ನೋಡಿ, "ಬೂಟ್ ಎಲ್ಲಿ? ಅವ್ಕೂ ಊಟಕ್ ಏಳಿದ್ನಲ್ಲ" ಎಂದಳು. ಸಂಜೆಯವರೆಗೆ ಅವಳ ಪಕ್ಕದಲ್ಲೇ ಕೂತಿದ್ದೆ. ಹಸಿರು ಬಳೆ ತೊಡಿಸಿಕೊಂಡ ಅವಳ ಕೈ ಬಿಸಿಯಾಗಿತ್ತು. ಬುತ್ತಿಯ ಐದು ಬಗೆಯ ಅನ್ನದಲ್ಲಿ ಒಂದನ್ನೂ ಬಿಡದೆ ತಿಂದೆ. ಆಮೇಲೆ ಚಾಪೆಯ ಮೇಲೆ ಉರುಳಿಕೊಂಡವಳು ಮಾರನೇ ದಿನ ಬಿಸಿಲೇರಿದ ಮೇಲೇ ಎದ್ದದ್ದು.

ಅಪ್ಪನ ಹೊಲಕ್ಕೆ ಆರನೇ ದಿನ ಹದ ಬಂತು. ಉಂಡೆ ಬಿದ್ದು ಪುಡಿಯಾಯಿತು. ಅಪ್ಪ ಎತ್ತು ಕಟ್ಟಿದ. ನೇಗಿಲಿನ ಹಿಂದೆ ಮಣ್ಣು ಹುರಿದ ರವೆಯ ಹಾಗೆ ಬಿಡಿಬಿಡಿಯಾಗಿ ಮಗುಚಿತು. ದೊಡ್ಡಪ್ಪ ತನ್ನ ಹೊಲದಲ್ಲಿ ಕೊಡತಿ ಹಿಡಿದು ಹೆಂಟೆ ಒಡೆಯುತ್ತಿದ್ದ. ನನ್ನನ್ನು ನೋಡಿ, "ಏನಮ್ಮಿ, ನಡ್ಗೆ ನಿಲ್ಲುಸ್ಬುಟ್ಟಂತೆ? ಆನೆ ಬಂದಿತ್ತಾ?" ಎಂದ. "ಇಲ್ಲ ದೊಡ್ಡಪ್ಪ, ಎಂಟೆ ಎದ್ದಿತ್ತು" ಎಂದೆ. ಅಪ್ಪ ನೇಗಿಲು ನಿಲ್ಲಿಸಿ ನಕ್ಕ. ದೊಡ್ಡಪ್ಪ ತಮ್ಮನ ಕಡೆ ತಿರುಗಿ, "ನೀನೇ ಏಳ್ಕೊಟ್ಟಿದ್ಯೇನ್ಲಾ ಇವ್ಳ್ಗೆ?" ಎಂದು ಗೊಣಗಿದ.

ನನಗೂ ಒಂದು ಉಂಡೆ ಪರೀಕ್ಷೆ ಇತ್ತು. ಡಾಕ್ಟರ್ ಬರೆದಿದ್ದ ಹಾಗೆ ಎರಡನೇ ವಾರದಿಂದ ಕೊಟ್ಟಿಗೆಯ ಮುಂದೆ ಎಡಗಾಲಲ್ಲಿ ಕುಪ್ಪಳಿಸಿ ನೋಡುತ್ತಿದ್ದೆ. ಹಗ್ಗ ಹೊಸೆಯುತ್ತ ಕೂತಿರುತ್ತಿದ್ದ ಅಪ್ಪ ತಲೆ ಎತ್ತದೆ ಕೇಳುತ್ತಿದ್ದ. "ಉಂಡೆ ಒಡೀತಾ?"

"ನಾಲ್ಕಕ್ಕೆ ನೋವು."

"ಬುಡು. ನಾಳಿಕ್ ನೋಡು."

ಮರುದಿನ ಐದು. ಆಮೇಲೆ ಮತ್ತೆ ಮೂರು, ಅಂದು ಅತ್ತುಬಿಟ್ಟೆ. ಆಮೇಲೆ ಏಳು. ಹದಿನೆಂಟನೇ ದಿನ ಹತ್ತು ಕುಪ್ಪಳಿಸಿ, ನಂಬಿಕೆ ಬಾರದೆ ಇನ್ನೂ ಹತ್ತು ಕುಪ್ಪಳಿಸಿದೆ. ಎತ್ತುಗಳು ಮೇವು ಬಿಟ್ಟು ನೋಡಿದವು.

ಅದಕ್ಕಿಂತ ದೊಡ್ಡ ಸುದ್ದಿ ಎರಡು ದಿನದ ಮೇಲೆ ಬಂತು. ನಮ್ಮ ಮನೆಯಲ್ಲಿ ಮುಟ್ಟಾದವರು ಒಳಗೆ ಬರುವಂತಿಲ್ಲ; ಅದಕ್ಕೇ 'ಒರಗಾಗೋದು' ಎನ್ನುತ್ತಾರೆ. ಆ ಪದ್ಧತಿಯ ಮೇಲೆ ಹೈಸ್ಕೂಲಿನಿಂದಲೂ ಅವ್ವನ ಜೊತೆ ಜಗಳವಾಡಿದವಳು ನಾನು. ಅಂದು ಮಾತ್ರ ಹಿತ್ತಲಿಂದ, "ಅವ್ವಾ, ಒರಗಾದೆ ಕಣವ್ವಾ" ಎಂದು ಬೀದಿಗೆ ಕೇಳುವಂತೆ ಕೂಗಿದೆ. ಡಾಕ್ಟರ್ ಚೀಟಿಯ ವಿಷಯ ಅವ್ವನಿಗೆ ಗೊತ್ತಿತ್ತು. ಅಡುಗೆಮನೆಯಿಂದ ಬಂದವಳು ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದಳು. ಆಮೇಲೆ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ, ಒಲೆಯ ಮುಂದೆ ಕೂರಿಸಿ, ಬಿಸಿ ರಾಗಿ ಮುದ್ದೆಯ ಮೇಲೆ ತುಪ್ಪ ಸುರಿದಳು. ಅಷ್ಟು ವರ್ಷದ ವಾದ ಒಂದು ತುತ್ತಿನಲ್ಲಿ ಗೆದ್ದಿತು.

ಹಾಸ್ಟೆಲ್ಲಿಗೆ ವಾಪಸಾದ ಮೇಲೆ ಮೇಡಂ ಹೊಸ ನೋಟ್‌ಬುಕ್ ಕೊಟ್ಟರು. ಕೊನೆಯ ಸಾಲಿನ ಪ್ರಶ್ನೆ ಬದಲಾಗಿತ್ತು. 'ಪದಂ ಇರುಕ್ಕಾ?' ಹದ ಇದೆಯಾ? ಇದ್ದ ದಿನ ಇದೆ ಎಂದು ಬರೆದೆ. ಇಲ್ಲದ ದಿನ ಇಲ್ಲ ಎಂದು ಬರೆದೆ. ಅಂಥ ದಿನ ಅರ್ಧ ದೂರ, ಇಲ್ಲವೇ ಈಜು, ಇಲ್ಲವೇ ನಿದ್ದೆ. ಭಾನುವಾರ ಚರ್ಚಾಕೂಟಕ್ಕೆ ಮತ್ತೆ ಹೋಗತೊಡಗಿದೆ. ದಿನಾ ಸಂಜೆ ಅಕ್ಕನ ಜೊತೆ ಫೋನು. ಇದರಿಂದ ವೇಗ ಹೆಚ್ಚಿತು ಎಂದು ನಾನು ಹೇಳಿದರೆ, ಸಾಕ್ಷಿ ಎಲ್ಲಿ ಎಂದು ನೀವು ಕೇಳಬೇಕು. ನಾನಾಗಿದ್ದರೂ ಕೇಳುತ್ತಿದ್ದೆ.

ಸಾಕ್ಷಿ ಆಯ್ಕೆಯ ದಿನ ಸಿಕ್ಕಿತು. ಬೆಳಿಗ್ಗೆ ಆರು ಗಂಟೆ, ಒಂದು ಕಿಲೋಮೀಟರಿನ ಸುತ್ತು, ಇಪ್ಪತ್ತು ಸಲ. ಅಪ್ಪ ಹಿಂದಿನ ದಿನವೇ ಬೆಟ್ಟ ಇಳಿದು ಬಂದಿದ್ದ. ಜೊತೆಗೆ, ಯಾರೂ ಕರೆಯದಿದ್ದರೂ, ದೊಡ್ಡಪ್ಪ.

ಎಂಟನೇ ಸುತ್ತಿನಲ್ಲಿ ಒಬ್ಬಳು ಮುಂದೆ ಹೋದಳು. ಪಟ್ಟಿಯಲ್ಲಿ ನನ್ನ ಹಿಂದಿದ್ದ ಹುಡುಗಿಯೇ, ನನ್ನ ಮಂಚ ಅವಳಿಗೇ ಹೋಗಬೇಕಿತ್ತು. ಹಳೆಯ ನಾನಾಗಿದ್ದರೆ ಆ ಕ್ಷಣವೇ ಬೆನ್ನು ಹತ್ತುತ್ತಿದ್ದೆ. ಕಾಲು ಆಗಲೇ ಹೊರಟೂ ಇತ್ತು. ತಿರುವಿನಲ್ಲಿ ಒಬ್ಬ ತೀರ್ಪುಗಾರರು ಹಳದಿ ಹಲಗೆ ಎತ್ತಿದರು. ಪಾದ ನೆಲ ಬಿಡುತ್ತಿದೆ, ಎಚ್ಚರ. ಹಿಂದಿನ ಸಲ ಹೀಗೆ ನೂಕಿಯೇ ನಾನು ಕೆಟ್ಟದ್ದು. ಭುಜ ಇಳಿಸಿದೆ. ಎಡಗಾಲನ್ನು ಕೇಳಿದೆ. ನೋವಿರಲಿಲ್ಲ, ಅವಸರ ಇತ್ತು ಅಷ್ಟೆ. ಅವಸರವನ್ನು ಹೋಗಲು ಬಿಟ್ಟೆ. ಹನ್ನೆರಡು, ಹದಿನಾಲ್ಕು. ಅವಳು ಅಷ್ಟು ದೂರದಲ್ಲೇ ಇದ್ದಳು. ದೊಡ್ಡಪ್ಪ ಪ್ರತಿ ಸುತ್ತಿನಲ್ಲೂ ಹಗ್ಗದ ಆಚೆಯಿಂದ ಕೂಗುತ್ತಿದ್ದ.

"ನಡಿಯಮ್ಮಿ ನಡಿ. ಓಡ್ಬ್ಯಾಡ, ಓಡ್ಬ್ಯಾಡ."

ಅಷ್ಟು ವರ್ಷ ಓಡು ಅಂದವನು ಅವನೇ. ನಗು ಬಂತು, ನಕ್ಕೆ. ನಡಿಗೆಯಲ್ಲಿ ನಗುವಷ್ಟು ಉಸಿರು ಉಳಿದಿದೆ ಎಂದು ಆಗ ಗೊತ್ತಾಯಿತು.

ಹದಿನೇಳನೇ ಸುತ್ತಿನಲ್ಲಿ ಹೆಜ್ಜೆ ಉದ್ದ ಮಾಡಿದೆ. ಮೈ ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟಿತು. ನೇಗಿಲ ಹಿಂದೆ ಮಣ್ಣು ಮಗುಚಿದ ಹಾಗೆ ರಸ್ತೆ ಕಾಲ ಕೆಳಗೆ ಬಿಡಿಬಿಡಿಯಾಗಿ ಹೋಯಿತು. ಹೌದು, ನಾನು ಒಡೆದ ಹೋಲಿಕೆಯನ್ನೇ ಈಗ ಬಳಸುತ್ತಿದ್ದೇನೆ. ಮೈ ಹೊಲ ಅಲ್ಲ ಎಂಬ ನನ್ನ ವಾದ ಈಗಲೂ ಸರಿಯೇ. ಆದರೆ ಅಂದು ಬೆಳಿಗ್ಗೆ ಅನಿಸಿದ್ದು ಹಾಗೆಯೇ. ಹತ್ತೊಂಬತ್ತರ ತಿರುವಿನಲ್ಲಿ ಅವಳ ಪಕ್ಕಕ್ಕೆ ಬಂದೆ, ಕೊನೆಯ ಸುತ್ತಿನ ಅರ್ಧದಲ್ಲಿ ದಾಟಿದೆ. ಗೆರೆ ಮುಟ್ಟಿ ಮೊದಲು ನೋಡಿದ್ದು ಗಡಿಯಾರವನ್ನಲ್ಲ, ಕೆಂಪು ಚೀಟಿಗಳ ಹಲಗೆಯನ್ನು. ನನ್ನ ಸಂಖ್ಯೆಯ ಮುಂದೆ ಒಂದೂ ಗುರುತಿರಲಿಲ್ಲ. ಮೊದಲ ಸ್ಥಾನ, ಕೊರಳಿಗೊಂದು ಪದಕ, ತಂಡದಲ್ಲಿ ಜಾಗ. ಎರಡನೆಯವಳಾಗಿ ಅವಳಿಗೂ ಸಿಕ್ಕಿತು.

ದೊಡ್ಡಪ್ಪ ಅಕ್ಕಪಕ್ಕದವರಿಗೆಲ್ಲ ತನಗೆ ಬಂದ ತಮಿಳಿನಲ್ಲಿ ಒಂದು ಪಾದ ನೆಲಕ್ಕೆ ತಾಗಿರಬೇಕಾದ ನಿಯಮ ವಿವರಿಸುತ್ತಿದ್ದ, ತಾನೇ ಬರೆದ ನಿಯಮದ ಹಾಗೆ. ಅಪ್ಪ ಹಗ್ಗ ದಾಟಿ ಬಂದು ನನ್ನ ಎಡಗಾಲು ನೋಡಿದ.

"ಉಂಡೆ ಒಡೀತಾ?"

"ಪುಡಿ ಪುಡಿ ಕಣಪ್ಪ."

ರಾಷ್ಟ್ರೀಯ ಶಿಬಿರಕ್ಕೆ ಮುಂಚೆ ನಾಲ್ಕು ದಿನ ರಜೆ ಬೇಕು ಎಂದು ಮೇಡಂ ಹತ್ತಿರ ಕೇಳಿದೆ. ಕಾರಣ ಏನು ಎಂದರು. ಅಕ್ಕನಿಗೆ ದಿನ ತುಂಬಿದೆ, ಮಗು ನೋಡಬೇಕು ಎಂದೆ. ಬೇರೆ ನೆಪ ಹುಡುಕದೆ ರಜೆ ಕೇಳಿದ್ದು ಅದೇ ಮೊದಲು. ಹೋಗು ಎಂದರು. ನಾನು ಊರು ಸೇರಿದ ಎರಡನೇ ದಿನ ಅಕ್ಕನಿಗೆ ಹೆಣ್ಣು ಮಗು ಹುಟ್ಟಿತು. ಭಾವ ಫೋನ್ ಹಿಡಿದು ಫೋಟೋ ತೆಗೆದರು. ಮಂಚದ ತುದಿಯಲ್ಲಿ ಬರಿಗಾಲಲ್ಲಿ ಕೂತು, ಪದಕ ಹಾಕಿಕೊಂಡು, ಮಗುವನ್ನು ಎದೆಗೊತ್ತಿಕೊಂಡಿದ್ದೇನೆ. ಅಕ್ಕ ಮಲಗಿದ್ದಲ್ಲಿಂದಲೇ ಫೋನ್ ಕೇಳಿ ಇಸಿದುಕೊಂಡು, ಚಿತ್ರವನ್ನು ದೊಡ್ಡದು ಮಾಡಿ ಮೇಲಿಂದ ಕೆಳಗೆ ನೋಡಿದಳು.

"ಪೂರ್ತಿ ಬಂದಿದ್ದೀಯ ಕಣೆ" ಎಂದಳು. "ಬೂಟ್ ಒಂದ್ ಬುಟ್ಟು."